ಸ್ಕ್ಯಾನರ್ ತೆಗೆಯಬೇಡಿ, ಲೆಕ್ಕ ಬರೆದಿಡಿ

ಹೋಬಳಿ ಊರಿನ ಅಂಗಡಿಯವರಿಗೆ ಜಿಎಸ್‌ಟಿ, ಆದಾಯ ತೆರಿಗೆ, ಕಾರ್ಮಿಕ ಕಾನೂನುಗಳ ಹೊಸ ನಿಯಮಗಳ ಕೈಪಿಡಿ

2025ರ ಜುಲೈ ತಿಂಗಳಲ್ಲಿ ರಾಜ್ಯದ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾದ ಮೇಲಿದ್ದ ಕ್ಯೂಆರ್ ಕೋಡ್ ಮಾಯವಾಯಿತು. ಆ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ವಿವರ ತರಿಸಿಕೊಂಡು, ಮಿತಿ ದಾಟಿಯೂ ನೋಂದಣಿ ಮಾಡಿಸದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ಜಮೆಯ ಮೇಲೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಲಾಗಿತ್ತು. ಅಂದರೆ ಹೆಚ್ಚುಕಡಿಮೆ ಶೇ 18. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಬ್ಯಾಂಕಿಗೆ ಬಂದ ಹಣದ ಮೇಲೆ ಅದು ತರಕಾರಿಯದೋ ಸಿಮೆಂಟಿನದೋ ಎಂದು ಬರೆದಿರುವುದಿಲ್ಲವಲ್ಲ.

ಗಲಾಟೆ ಜೋರಾದ ಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳ ಸಭೆ ಕರೆದರು. ಹಾಲು, ಹಣ್ಣು, ತರಕಾರಿ, ಬ್ರೆಡ್ಡಿನಂಥ ವಿನಾಯಿತಿ ಪದಾರ್ಥಗಳಿಗೆ ತೆರಿಗೆ ಕೇಳುವುದಿಲ್ಲ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂಬುದು ಅಲ್ಲಿಂದ ಹೊರಬಿದ್ದ ತೀರ್ಮಾನ. ಹಳೆಯದಕ್ಕೆ ರಿಯಾಯಿತಿ ಸಿಕ್ಕಿತು, ಕಾನೂನು ಮಾತ್ರ ಬದಲಾಗಲಿಲ್ಲ.

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಹೋಬಳಿ ಊರುಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಇಂಥ ಊರುಗಳಲ್ಲಿ ಅಂಗಡಿ ಇಟ್ಟವರಿಗೆ ತೋಟವೂ ಇರುತ್ತದೆ. ಬೆಳಗಿನ ಹಾಲಿನ ಹಣ, ಕೊಬ್ಬರಿ ಮಾರಿದ ಹಣ, ಚೀಟಿ ಎತ್ತಿದ ಹಣ, ಸಂಘದ ಸಾಲ, ಬೆಂಗಳೂರಿನಿಂದ ಮಗ ಹಾಕಿದ ಹಣ ಎಲ್ಲವೂ ಒಂದೇ ಫೋನ್ ನಂಬರಿಗೆ ಬಂದು ಬೀಳುತ್ತವೆ. ಅದರಲ್ಲಿ ಯಾವುದು ವ್ಯಾಪಾರ, ಯಾವುದು ಅಲ್ಲ ಎಂದು ಬಿಡಿಸಿ ಹೇಳುವ ಪುಸ್ತಕ ಇಲ್ಲದಿದ್ದರೆ ತೆರಿಗೆ ಬೀಳಬೇಕಾಗಿಲ್ಲದವರೂ ಸಿಕ್ಕಿಬೀಳುತ್ತಾರೆ. ಸ್ಕ್ಯಾನರ್ ತೆಗೆದರೆ ತೆರಿಗೆಯ ಹೊಣೆ ಹೋಗುವುದಿಲ್ಲ. ಮಿತಿಯ ಲೆಕ್ಕಕ್ಕೆ ನಗದು, ಯುಪಿಐ, ಸಾಲಕ್ಕೆ ಕೊಟ್ಟದ್ದು ಎಲ್ಲವೂ ಸೇರುತ್ತವೆ.

ನೋಂದಣಿ ಯಾರಿಗೆ ಬೇಕು?

ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ಮಿತಿ. ದಿನದ ಲೆಕ್ಕದಲ್ಲಿ ಸರಾಸರಿ 11 ಸಾವಿರ ರೂಪಾಯಿಯ ಆಸುಪಾಸು. ಸೇವೆ ಕೊಡುವವರಿಗೆ 20 ಲಕ್ಷ, ಅಂದರೆ ದಿನಕ್ಕೆ ಸುಮಾರು 5,500. ಹೋಟೆಲ್, ಸೆಲೂನ್, ಟೈಲರ್ ಅಂಗಡಿ, ಗ್ಯಾರೇಜು, ಶಾಮಿಯಾನ ಬಾಡಿಗೆ ಇವೆಲ್ಲ ಸೇವೆಯ ಸಾಲಿಗೆ ಬರುತ್ತವೆ.

ಬಹಳ ಮಂದಿ ಎಡವುವುದು ಇವೆರಡೂ ಬೆರೆತಾಗ. 40 ಲಕ್ಷದ ಮಿತಿ ಸರಕು ಬಿಟ್ಟು ಬೇರೇನೂ ಮಾಡದವರಿಗೆ ಮಾತ್ರ. ಮೊಬೈಲ್ ಮಾರುವ ಅಂಗಡಿಯವರು ರಿಪೇರಿಯನ್ನೂ ಮಾಡಿದರೆ, ದಿನಸಿ ಅಂಗಡಿಯವರು ಪಕ್ಕದ ಮಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಅವರ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಬ್ಯಾಂಕ್ ಠೇವಣಿಯ ಬಡ್ಡಿಗೆ ಮಾತ್ರ ಈ ಲೆಕ್ಕದಿಂದ ವಿನಾಯಿತಿ. ಒಂದೇ ಪ್ಯಾನ್ ಮೇಲೆ ಹಾಗಲವಾಡಿಯಲ್ಲೊಂದು, ಗುಬ್ಬಿಯಲ್ಲೊಂದು ಅಂಗಡಿ ಇದ್ದರೆ ಎರಡರ ವಹಿವಾಟನ್ನೂ ಕೂಡಿಸಬೇಕು.

ವಿನಾಯಿತಿ ಪದಾರ್ಥ ಮಾತ್ರ ಮಾರುವವರಿಗೆ, ಉದಾಹರಣೆಗೆ ತಾಜಾ ತರಕಾರಿ, ಹಣ್ಣು, ಹಾಲು, ಹೂವು, ಮೊಟ್ಟೆ ಬಿಟ್ಟು ಬೇರೇನೂ ಇಡದವರಿಗೆ, ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಡ. ಆದರೆ ಅದೇ ಹಾಲಿನ ಅಂಗಡಿಯಲ್ಲಿ ಬಿಸ್ಕತ್ತು, ಸೋಪು ಇಟ್ಟರೆ ಕಥೆ ಬದಲಾಗುತ್ತದೆ. ಆಗ ಮಿತಿ ದಾಟಿದೆಯೇ ಎಂದು ನೋಡುವಾಗ ಹಾಲಿನ ವ್ಯಾಪಾರವೂ ಸೇರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತು, ಸೋಪಿನ ಭಾಗಕ್ಕಷ್ಟೇ ಬೀಳುತ್ತದೆ. ನೋಂದಣಿಗೆ ಒಟ್ಟು ವಹಿವಾಟು, ತೆರಿಗೆಗೆ ತೆರಿಗೆಯುಳ್ಳ ಸರಕು. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯಿತು.

ಹೊರರಾಜ್ಯಕ್ಕೆ ತೆರಿಗೆಯುಳ್ಳ ಸರಕು ಕಳುಹಿಸುವವರಿಗೆ 40 ಲಕ್ಷದ ರಕ್ಷಣೆಯಿಲ್ಲ. ಅಂಥ ಮಾರಾಟಕ್ಕೆ ಮೊದಲ ಲೋಡಿಗೇ ನೋಂದಣಿ ಬೇಕು. ಅಡಿಕೆ, ಕೊಬ್ಬರಿಯನ್ನು ಉತ್ತರ ಭಾರತದ ಕಡೆಗೆ ನೇರವಾಗಿ ಕಳುಹಿಸುವವರು ಇದನ್ನು ಮರೆಯುವಂತಿಲ್ಲ.

ತೆಂಗು, ಅಡಿಕೆ: ಬೆಳೆದವರು ಬೇರೆ, ಕೊಂಡವರು ಬೇರೆ

ತನ್ನ ಜಮೀನಿನಲ್ಲಿ ಬೆಳೆದದ್ದನ್ನು ಮಾರುವ ಕೃಷಿಕ, ಸ್ವಂತ ದುಡಿಮೆಯಿಂದಲೋ ಕೂಲಿಯವರನ್ನು ಇಟ್ಟೋ ಬೆಳೆದಿರಲಿ, ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ತಿಪಟೂರಿನ ಮಾರುಕಟ್ಟೆಗೆ ಎಷ್ಟು ಕ್ವಿಂಟಲ್ ಕೊಬ್ಬರಿ ಹಾಕಿದರೂ ಅಷ್ಟೇ. ಆದರೆ ಅಕ್ಕಪಕ್ಕದವರಿಂದ ಕಾಯಿ ಕೊಂಡು ಕೊಬ್ಬರಿ ಮಾಡಿ ಮಾರುವವರು ವ್ಯಾಪಾರಿಗಳು. ತೋಟದ ಫಸಲನ್ನು ಚೇಣಿಗೆ ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವವರೂ ಹಾಗೆಯೇ. ಅವರು ಬೆಳೆ ಬೆಳೆದವರಲ್ಲವಾದ್ದರಿಂದ ಕೃಷಿಕರ ವಿನಾಯಿತಿ ಕೇಳಲಾಗದು.

ದರವೂ ಪದಾರ್ಥದ ರೂಪದೊಂದಿಗೆ ಬದಲಾಗುತ್ತದೆ. ತೆಂಗಿನಕಾಯಿಗೆ ತೆರಿಗೆ ಇಲ್ಲ, ಕೊಬ್ಬರಿಗೆ ಶೇ 5. ಹಸಿ ಅಡಿಕೆಗೆ ಇಲ್ಲ, ಒಣ ಅಡಿಕೆಗೆ ಶೇ 5. ಆದ್ದರಿಂದ ಕಾಯಿ ಮಂಡಿಯವರು ಕಾಯಿ ಎಷ್ಟು ಹೋಯಿತು, ಕೊಬ್ಬರಿ ಎಷ್ಟು ಹೋಯಿತು ಎಂದು ಬೇರೆಬೇರೆ ಬರೆದಿಡಬೇಕು. ತೋಟವನ್ನೂ ಅಂಗಡಿಯನ್ನೂ ನಡೆಸುವವರು ತೋಟದ ಹಣಕ್ಕೆ ಒಂದು ಬ್ಯಾಂಕ್ ಖಾತೆ, ಅಂಗಡಿ ಹಣಕ್ಕೆ ಇನ್ನೊಂದು ಖಾತೆ ಮಾಡಿಕೊಳ್ಳಲಿ. ಎಪಿಎಂಸಿಯ ಬಿಲ್ಲು, ಪಹಣಿಯ ಪ್ರತಿಗಳನ್ನು ತೋಟದ ಖಾತೆಯ ಜೊತೆಗೇ ಇಟ್ಟಿರಲಿ.

ಚಿಕ್ಕ ಅಂಗಡಿಗೆ ಕಾಂಪೊಸಿಷನ್

ನೋಂದಣಿ ಎಂದೊಡನೆ ‘ಶೇ 18 ಕಟ್ಟಬೇಕಾ’ ಎಂಬ ಹೆದರಿಕೆ ಏಳುತ್ತದೆ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿ ಒಳಗಿರುವ ವ್ಯಾಪಾರಿಗೆ ಕಾಂಪೊಸಿಷನ್ ಎಂಬ ಸುಲಭ ದಾರಿ ಇದೆ. ಸರಕು ಮಾರುವವರಿಗೆ ಶೇ 1, ಮದ್ಯ ಮಾರದ ಹೋಟೆಲಿಗೆ ಶೇ 5, ಇತರ ಸೇವೆಯವರಿಗೆ 50 ಲಕ್ಷ ರೂಪಾಯಿವರೆಗೆ ಶೇ 6.

ಒಂದು ದಿನಸಿ ಅಂಗಡಿಯ ಲೆಕ್ಕ ಹಾಕೋಣ. ವರ್ಷದ ವಹಿವಾಟು 52 ಲಕ್ಷ. ಅದರಲ್ಲಿ ತೂಕ ಹಾಕಿ ಕೊಡುವ ಅಕ್ಕಿ, ರಾಗಿ, ಬೇಳೆ, ಜೊತೆಗೆ ಹಾಲು, ತರಕಾರಿ, ಉಪ್ಪು ಸೇರಿ 30 ಲಕ್ಷ. ಇದು ತೆರಿಗೆಯಿಲ್ಲದ ಭಾಗ. ಎಣ್ಣೆ, ಸಕ್ಕರೆ, ಸೋಪು, ಬಿಸ್ಕತ್ತು, ಟೀ ಪುಡಿ ಸೇರಿ 22 ಲಕ್ಷ. ಮಿತಿ ದಾಟಿರುವುದರಿಂದ ನೋಂದಣಿ ಬೇಕು. ಕಾಂಪೊಸಿಷನ್ ಆರಿಸಿಕೊಂಡರೆ 22 ಲಕ್ಷದ ಮೇಲೆ ಶೇ 1, ವರ್ಷಕ್ಕೆ 22 ಸಾವಿರ ರೂಪಾಯಿ. ಮೂರು ತಿಂಗಳಿಗೆ 5,500. ಯಾವುದು ತೆರಿಗೆಯಿಲ್ಲದ ಸರಕು ಎಂದು ತೋರಿಸುವ ಲೆಕ್ಕ ಇಲ್ಲದಿದ್ದರೆ ಪೂರಾ 52 ಲಕ್ಷವನ್ನೇ ತೆರಿಗೆಗೆ ಹಿಡಿಯುವ ಅಪಾಯ ಇದ್ದೇ ಇದೆ.

ಅಕ್ಕಿ, ಬೇಳೆಯ ವಿಷಯದಲ್ಲಿ ಒಂದು ಎಚ್ಚರ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಚೀಲಕ್ಕೆ ಶೇ 5 ತೆರಿಗೆ ಇದೆ. 26 ಕೆ.ಜಿ. ಅಕ್ಕಿ ಚೀಲ ಮಾರುಕಟ್ಟೆಗೆ ಬಂದ ಗುಟ್ಟು ಇದೇ. ಗಿರಾಕಿಯ ಎದುರು ಚೀಲ ಬಿಚ್ಚಿ ತೂಗಿ ಕೊಟ್ಟರೆ ತೆರಿಗೆ ಇಲ್ಲ.

ಕಾಂಪೊಸಿಷನ್‌ಗೆ ಷರತ್ತುಗಳೂ ಉಂಟು. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಲಾಭದಲ್ಲೇ ಕಟ್ಟಬೇಕು. ಕೊಂಡ ಸರಕಿಗೆ ಕೊಟ್ಟ ತೆರಿಗೆ ವಾಪಸು ಸಿಗದು. ಹೊರರಾಜ್ಯಕ್ಕೆ ಮಾರುವಂತಿಲ್ಲ. ಕೊಡುವ ಬಿಲ್ಲಿನಲ್ಲೂ ಅಂಗಡಿ ಬೋರ್ಡಿನಲ್ಲೂ ‘ಕಾಂಪೊಸಿಷನ್ ತೆರಿಗೆದಾರ’ ಎಂದು ಬರೆಸಬೇಕು. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ನಮೂನೆಯಲ್ಲಿ ತೆರಿಗೆ ಕಟ್ಟಬೇಕು. ಗಡುವು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳುಗಳ 18. ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಸಲ್ಲಿಸಬೇಕು.

ಮನೆಬಳಕೆಗೆ ಕೊಳ್ಳುವವರಿಗೇ ಮಾರುವ ಅಂಗಡಿಗೆ ಕಾಂಪೊಸಿಷನ್ ಸರಿ. ಕಂಟ್ರಾಕ್ಟರುಗಳಿಗೆ ಸಿಮೆಂಟು, ಕಬ್ಬಿಣ ಕೊಡುವ ಹಾರ್ಡ್‌ವೇರ್ ಅಂಗಡಿಗೆ ಸರಿಹೋಗದು. ಅವರ ಗಿರಾಕಿಗಳಿಗೆ ತೆರಿಗೆ ನಮೂದಿಸಿದ ಬಿಲ್ಲು ಬೇಕಾಗುತ್ತದೆ. ಅಂಥವರು ಸಾಮಾನ್ಯ ನೋಂದಣಿ ಪಡೆಯಲಿ. 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಿ ತೆರಿಗೆಯನ್ನಷ್ಟೇ ತಿಂಗಳಿಗೊಮ್ಮೆ ಕಟ್ಟಬಹುದು. ಇಲ್ಲಿ ಬಾಡಿಗೆ ಮಳಿಗೆಯವರಿಗೊಂದು ಸೂಕ್ಷ್ಮ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರಿಂದ ವ್ಯಾಪಾರಕ್ಕೆ ಮಳಿಗೆ ಹಿಡಿದ ನೋಂದಾಯಿತ ವ್ಯಾಪಾರಿ ಬಾಡಿಗೆಯ ಮೇಲೆ ಶೇ 18 ತೆರಿಗೆಯನ್ನು ತಾನೇ ಕಟ್ಟಿ ಆಮೇಲೆ ಹೊಂದಿಸಿಕೊಳ್ಳಬೇಕು. ಕಾಂಪೊಸಿಷನ್‌ನವರಿಗೆ 2025ರ ಜನವರಿ 16ರಿಂದ ಈ ಹೊರೆ ಇಲ್ಲ.

ನೋಂದಣಿ ಹೇಗೆ?

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಸರ್ಕಾರಕ್ಕೆ ಶುಲ್ಕ ಒಂದು ಪೈಸೆಯೂ ಇಲ್ಲ. ಆಡಿಟರ್ ಕೈಯಲ್ಲಿ ಮಾಡಿಸಿದರೆ ಅವರ ಕೂಲಿ ಬೇರೆ. ಪ್ಯಾನ್, ಆಧಾರ್, ಫೋಟೊ, ಅಂಗಡಿ ಜಾಗದ ಕರೆಂಟ್ ಬಿಲ್ಲು ಅಥವಾ ಖಾತೆಯ ಪ್ರತಿ, ಬಾಡಿಗೆಯಾದರೆ ಕರಾರು ಪತ್ರ, ಬ್ಯಾಂಕ್ ಖಾತೆ ವಿವರ ಇಷ್ಟಿದ್ದರೆ ಸಾಕು. ಕಾಂಪೊಸಿಷನ್ ಬೇಕೆಂದರೆ ಹೊಸಬರು ಆ ಅರ್ಜಿಯಲ್ಲೇ ಗುರುತು ಹಾಕಬಹುದು. ಈಗಾಗಲೇ ಸಾಮಾನ್ಯ ನೋಂದಣಿ ಇರುವವರು ಮುಂದಿನ ಆರ್ಥಿಕ ವರ್ಷಕ್ಕೆ ಬದಲಾಗಲು ಮಾರ್ಚ್ 31ರೊಳಗೆ ತಿಳಿಸಬೇಕು.

2025ರ ನವೆಂಬರ್ 1ರಿಂದ ಸರಳ ನೋಂದಣಿಯ ವ್ಯವಸ್ಥೆಯೂ ಬಂದಿದೆ. ಇತರ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟದ ತೆರಿಗೆ ತಿಂಗಳಿಗೆ 2.5 ಲಕ್ಷ ರೂಪಾಯಿ ಮೀರದವರಿಗೆ, ಆಧಾರ್ ದೃಢೀಕರಣ ಆದರೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಸಿಗುತ್ತದೆ.

ನೋಂದಣಿ ಮಾಡಿಸಿ ಸುಮ್ಮನಾಗುವುದು ಮಾಡಿಸದೇ ಇರುವುದಕ್ಕಿಂತ ದುಬಾರಿಯಾಗಬಹುದು. ವ್ಯಾಪಾರ ಇಲ್ಲದ ತಿಂಗಳಿಗೂ ಸೊನ್ನೆ ರಿಟರ್ನ್ ಹಾಕಬೇಕು. ಸಾಮಾನ್ಯ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ, ಸೊನ್ನೆ ರಿಟರ್ನಾದರೆ 20 ರೂಪಾಯಿ ದಂಡ ಏರುತ್ತದೆ. ಹೊಸ ನಿಯಮದಂತೆ ಗಡುವು ಮುಗಿದು ಮೂರು ವರ್ಷ ಕಳೆದರೆ ಆ ರಿಟರ್ನನ್ನು ಹಾಕಲು ಪೋರ್ಟಲ್ ಬಿಡುವುದೇ ಇಲ್ಲ. ವ್ಯಾಪಾರ ನಿಲ್ಲಿಸಿದವರು ನೋಂದಣಿಯನ್ನೂ ರದ್ದು ಮಾಡಿಸಬೇಕು. ಬೇಕಿದ್ದೂ ನೋಂದಣಿ ಮಾಡಿಸದವರಿಗೆ ದಂಡ 10 ಸಾವಿರ ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಯಾವುದು ಹೆಚ್ಚೋ ಅದು.

2025ರ ಸೆಪ್ಟೆಂಬರ್ 22ರ ಹೊಸ ದರಗಳು

ಜಿಎಸ್‌ಟಿ ಮಂಡಳಿಯ 56ನೇ ಸಭೆ 2025ರ ಸೆಪ್ಟೆಂಬರ್ 3ರಂದು ನಡೆದು, ಶೇ 12 ಮತ್ತು ಶೇ 28ರ ಹಂತಗಳನ್ನು ಬಹುಪಾಲು ತೆಗೆದುಹಾಕಿತು. ಈಗ ಮುಖ್ಯವಾಗಿ ಉಳಿದಿರುವುದು ಶೇ 5, ಶೇ 18, ಐಷಾರಾಮಿ ಮತ್ತು ಹಾನಿಕರ ಸರಕುಗಳಿಗೆ ಶೇ 40. ಹಳ್ಳಿ ಅಂಗಡಿಗೆ ಸಂಬಂಧಿಸಿದವು ಇವು:

— ಸ್ನಾನದ ಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು: 18ರಿಂದ 5.
— ತುಪ್ಪ, ಬೆಣ್ಣೆ, ಪ್ಯಾಕೆಟ್ ಖಾರ ತಿನಿಸು: 12ರಿಂದ 5.
— ನೋಟ್‌ಬುಕ್, ಪೆನ್ಸಿಲ್, ರಬ್ಬರ್: ತೆರಿಗೆ ಇಲ್ಲ.
— ಟ್ರ್ಯಾಕ್ಟರ್, ಹನಿ ನೀರಾವರಿ ಮತ್ತು ತುಂತುರು ನೀರಾವರಿ ಸಲಕರಣೆ: 12ರಿಂದ 5. ಟ್ರ್ಯಾಕ್ಟರ್ ಟೈರು: 18ರಿಂದ 5.
— ಸಿಮೆಂಟು, 32 ಇಂಚಿಗಿಂತ ದೊಡ್ಡ ಟಿವಿ, 350 ಸಿಸಿವರೆಗಿನ ಬೈಕು: 28ರಿಂದ 18.
— 2,500 ರೂಪಾಯಿವರೆಗಿನ ಸಿದ್ಧ ಉಡುಪು, ಚಪ್ಪಲಿ: 5.
— ಸೆಲೂನ್, ಬ್ಯೂಟಿ ಪಾರ್ಲರ್: 18ರಿಂದ 5. ಆದರೆ ಕೊಂಡ ಸಾಮಾನಿಗೆ ಕೊಟ್ಟ ತೆರಿಗೆ ಹೊಂದಿಸಿಕೊಳ್ಳಲಾಗದು.
— ಗ್ಯಾಸ್ ತುಂಬಿದ ಸಿಹಿ ತಂಪು ಪಾನೀಯ: 40.

ಬಟ್ಟೆ ತೊಳೆಯುವ ಪುಡಿ ಶೇ 18ರಲ್ಲೇ ಉಳಿದಿದೆ. ಸೋಪಿಗೆ ಇಳಿದಿದೆಯೆಂದು ಇದಕ್ಕೂ ಇಳಿಸಿದರೆ ವ್ಯತ್ಯಾಸ ನಿಮ್ಮ ಕೈಯಿಂದ ಹೋಗುತ್ತದೆ. ಬಿಲ್ಲಿಂಗ್ ಯಂತ್ರದಲ್ಲಿ ಹಳೆಯ ದರ ಉಳಿದಿದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಯುಪಿಐಗೇ ತೆರಿಗೆ ಇದೆಯೇ?

ಇಲ್ಲ. 2,000 ರೂಪಾಯಿಗಿಂತ ಹೆಚ್ಚಿನ ಯುಪಿಐ ಪಾವತಿಗೆ ಜಿಎಸ್‌ಟಿ ಬರುತ್ತದೆಂಬ ಸುದ್ದಿ ಹರಡಿದಾಗ 2025ರ ಏಪ್ರಿಲ್ 18ರಂದು ಕೇಂದ್ರ ಹಣಕಾಸು ಸಚಿವಾಲಯವೇ ಅದನ್ನು ಸುಳ್ಳೆಂದು ಹೇಳಿತು. ತೆರಿಗೆ ಬೀಳುವುದು ಮಾರಾಟದ ಮೇಲೆ, ಹಣ ಯಾವ ದಾರಿಯಲ್ಲಿ ಬಂತು ಎಂಬುದರ ಮೇಲಲ್ಲ.

ಆದಾಯ ತೆರಿಗೆಯಲ್ಲಂತೂ ಯುಪಿಐಯಿಂದ ಅನುಕೂಲವೇ ಇದೆ. 2 ಕೋಟಿವರೆಗಿನ ವಹಿವಾಟಿನ ಚಿಕ್ಕ ವ್ಯಾಪಾರಿ ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸಬಹುದು. ನಗದಿನಲ್ಲಿ ಬಂದದ್ದರ ಶೇ 8, ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದದ್ದರ ಶೇ 6 ಲಾಭವೆಂದು ತೋರಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಲಾಭ ಬಂದಿದ್ದರೆ ಬಂದಷ್ಟನ್ನು ತೋರಿಸಬೇಕು. ಹಿಂದೆ ಹೇಳಿದ 52 ಲಕ್ಷದ ಅಂಗಡಿ ಪೂರ್ತಿ ಯುಪಿಐಯಲ್ಲೇ ನಡೆದರೆ ಈ ಲೆಕ್ಕದ ಆದಾಯ 3.12 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ, ರಿಯಾಯಿತಿ ಸೇರಿ 12 ಲಕ್ಷದ ಆದಾಯದವರೆಗೂ ಕಟ್ಟಬೇಕಾಗಿಲ್ಲ. ವರ್ಷವರ್ಷ ರಿಟರ್ನ್ ಹಾಕಿದವರಿಗೆ ಬ್ಯಾಂಕ್ ಸಾಲ ಕೇಳುವಾಗ ಅದೇ ದಾಖಲೆ. 2026ರ ಏಪ್ರಿಲ್ 1ರಿಂದ 1961ರ ಹಳೆಯ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ. ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ, ಅಂದಾಜು ಲಾಭದ ಪದ್ಧತಿ ಮುಂದುವರಿಯುತ್ತದೆ.

ಕೆಲಸದವರು, ಉದ್ಯಮ್, ಬೋರ್ಡು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾನೂನುಗಳ ಜಾಗಕ್ಕೆ ಬಂದವು. ಅಂಗಡಿಯಲ್ಲಿ ಒಬ್ಬಿಬ್ಬರು ಹುಡುಗರನ್ನು ಇಟ್ಟುಕೊಂಡವರು ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು: ಸಂಬಳ, ಕೆಲಸದ ಹೊತ್ತು, ಸೇರಿದ ದಿನ ಬರೆದು ನೇಮಕ ಪತ್ರ ಕೊಡಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬೇಡಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಲಿ, ಬ್ಯಾಂಕ್ ಮೂಲಕವಾದರೆ ಸಾಕ್ಷಿಯೂ ಆಯಿತು. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಿ.

ಎಣ್ಣೆ ಗಾಣ, ನಾರಿನ ಘಟಕ, ಪ್ಲೇಟು ತಯಾರಿಕೆಯಂಥ ಉದ್ಯಮ ನಡೆಸುವವರು ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬೇಕು. 2025ರ ಏಪ್ರಿಲ್ 1ರಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಒಳಗಿದ್ದರೆ ಅದು ಅತಿ ಚಿಕ್ಕ ಉದ್ಯಮ. ಇಂಥವರಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳುವ ಹಕ್ಕಿದೆ. ಕೊಂಡು ಮಾರುವ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಬ್ಯಾಂಕ್ ಸಾಲದ ಆದ್ಯತೆಗಷ್ಟೇ. ಬಡ್ಡಿಯ ಈ ರಕ್ಷಣೆ ಅವರಿಗಿಲ್ಲ.

ಹೊಸ ಬೋರ್ಡು ಬರೆಸುವವರು ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ನೆನಪಿಡಲಿ. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಜಿಎಸ್‌ಟಿ ಸಂಖ್ಯೆಯನ್ನೂ ಅದರಲ್ಲೇ ಸೇರಿಸಿ. ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ನೋಂದಣಿ, ಎಲ್ಲ ಅಂಗಡಿಗಳಿಗೆ ಪಂಚಾಯಿತಿ ಪರವಾನಗಿ, ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಮೊದಲಿನಂತೆಯೇ ಬೇಕು.

ಪುಸ್ತಕ ಹೇಗಿರಬೇಕು?

ನೂರು ಪುಟದ ಒಂದು ಲೆಕ್ಕದ ಪುಸ್ತಕ ಸಾಕು. ದಿನಕ್ಕೆ ಒಂದು ಸಾಲು, ಸಾಲಿನಲ್ಲಿ ಐದು ಮನೆ: ನಗದು, ಯುಪಿಐ, ಸಾಲಕ್ಕೆ ಹೋದದ್ದು, ತೆರಿಗೆಯಿಲ್ಲದ ಸರಕು, ತೆರಿಗೆಯ ಸರಕು. ಮೊದಲ ಮೂರರ ಮೊತ್ತವೂ ಕೊನೆಯ ಎರಡರ ಮೊತ್ತವೂ ಒಂದೇ ಬರಬೇಕು. ಹಿಂದಿನ ಸಾಲ ತೀರಿಸಿದ್ದು, ಚೀಟಿ, ಕೈಗಡ, ಮಕ್ಕಳು ಕಳುಹಿಸಿದ್ದು ಇವು ಆ ದಿನದ ಮಾರಾಟವಲ್ಲ, ಪಕ್ಕದಲ್ಲಿ ಹೆಸರು ಸಮೇತ ಬರೆದಿಡಿ. ಖರೀದಿ ಬಿಲ್ಲುಗಳನ್ನು ತಿಂಗಳವಾರು ಕಟ್ಟಿಡಿ. ಮಾರಾಟದಲ್ಲಿ ಹಾಲೆಷ್ಟು, ಸೋಪೆಷ್ಟು ಎಂಬುದಕ್ಕೆ ಅವೇ ಗಟ್ಟಿ ಸಾಕ್ಷಿ. ನೋಂದಾಯಿತರು ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ ಆರು ವರ್ಷ ಕಾಪಾಡಬೇಕು.

ನೋಟಿಸ್ ಬಂದರೆ ಮೂಲೆಗೆ ಎಸೆಯಬೇಡಿ, ಉತ್ತರಿಸಲು ಕೊಟ್ಟ ದಿನಾಂಕ ನೋಡಿ. ಅದರ ಮೇಲಿನ ಉಲ್ಲೇಖ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ಪರೀಕ್ಷಿಸಿ. ನೋಟಿಸಿನಲ್ಲಿರುವ ಮೊತ್ತವು ಇಲಾಖೆಯ ಅಂದಾಜು, ಕೊನೆಯ ಆದೇಶವಲ್ಲ. ಪುಸ್ತಕ, ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಹಿಡಿದು ತುಮಕೂರಿನ ವಾಣಿಜ್ಯ ತೆರಿಗೆ ಕಚೇರಿಗೆ ಹೋಗಿ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇಷ್ಟು ಕೊಟ್ಟರೆ ನಾನೇ ಮುಗಿಸಿಕೊಡುತ್ತೇನೆ’ ಎನ್ನುವವರ ಕೈಗೆ ಹಣ ಕೊಡಬೇಡಿ. ತೆರಿಗೆ ಕಟ್ಟುವುದಿದ್ದರೆ ಪೋರ್ಟಲ್‌ನ ಚಲನ್ ಮೂಲಕ, ನಿಮ್ಮ ಹೆಸರಿನಲ್ಲೇ ಕಟ್ಟಿ. ಚಲನ್ ಪ್ರತಿಯನ್ನೂ ಅದೇ ಕಟ್ಟಿಗೆ ಸೇರಿಸಿ.